ಬಾವಂಚಿ ಎಣ್ಣೆ ಹಚ್ಚಿ ಕೆನ್ನೆ ಸುಟ್ಟಿದೆ. ಸುಕ್ಕಿಗೆ ಒಳ್ಳೆಯದು ಅನ್ನುವ ಬಾಕುಚಿಯೋಲ್ ಇದೇ ಅಲ್ವಾ?

ಅಂಗಳದ ಮಲ್ಲಿಗೆ (ಸೋಮವಾರ ಬೆಳಿಗ್ಗೆ)

ಎಲ್ಲರಿಗೂ ನಮಸ್ಕಾರ. ನನಗೆ 48 ವರ್ಷ. ಸಾಗರದ ಹತ್ತಿರ ಹಳ್ಳಿ, ಅಡಿಕೆ ತೋಟದ ಮನೆ. ಎರಡು ವರ್ಷದಿಂದ ಕಣ್ಣಿನ ಪಕ್ಕ ಗೆರೆ ಬಿದ್ದಿದೆ, ಕೆನ್ನೆ ಮೇಲೆ ಅಲ್ಲಲ್ಲಿ ಕಪ್ಪು. ಬರುವ ತಿಂಗಳು ಅಕ್ಕನ ಮಗಳ ಮದುವೆ. ಮುಖ ಸ್ವಲ್ಪ ಚೆನ್ನಾಗಿ ಕಾಣಲಿ ಅಂತ ಆಸೆ ಆಯಿತು.

ಬಾಕುಚಿಯೋಲ್ ಅನ್ನುವುದು ಸುಕ್ಕು ಕಡಿಮೆ ಮಾಡುತ್ತದೆ, ಅದು ನಮ್ಮ ಬಾವಂಚಿ ಗಿಡದಿಂದಲೇ ಬರುತ್ತದೆ ಅಂತ ಓದಿದ್ದೆ. ಅಂಗಡಿ ಸೀರಂ ದುಬಾರಿ. ಪೇಟೆಯ ಒಂದು ಗ್ರಂಥಿಗೆ ಅಂಗಡಿಯಲ್ಲಿ ಬಾವಂಚಿ ಬೀಜ ಸಿಕ್ಕಿತು, ಬೆಲೆಯೂ ಕಡಿಮೆ. ತಂದು ಕುಟ್ಟಿ, ಮನೆಯ ತೆಂಗಿನೆಣ್ಣೆಯಲ್ಲಿ ಹತ್ತು ದಿನ ನೆನೆಸಿ, ಸಣ್ಣ ಉರಿಯಲ್ಲಿ ಕಾಯಿಸಿ ಸೋಸಿದೆ. ನಾಲ್ಕು ರಾತ್ರಿ ಹಚ್ಚಿಕೊಂಡು ಮಲಗಿದೆ. ಏನೂ ಆಗಲಿಲ್ಲ. ಐದನೇ ದಿನ ಬೆಳಿಗ್ಗೆ ಮುಖ ತೊಳೆಯುವ ಮೊದಲೇ ಅಡಿಕೆ ಹರವಲು ಅಂಗಳಕ್ಕೆ ಹೋದೆ. ಮಧ್ಯಾಹ್ನದವರೆಗೂ ಬಿಸಿಲಲ್ಲೇ ಇದ್ದೆ.

ಅವತ್ತು ಸಂಜೆ ಬರೀ ಬಿಸಿ ಬಿಸಿ ಅನಿಸಿತು. ಮಾರನೇ ದಿನ ಕೆಂಪಾಯಿತು. ಮೂರನೇ ದಿನ ಎರಡೂ ಕೆನ್ನೆಯ ಮೇಲೆ ಸಣ್ಣ ಸಣ್ಣ ನೀರುಗುಳ್ಳೆ. ಇವತ್ತಿಗೆ ಒಂಬತ್ತು ದಿನ. ಗುಳ್ಳೆ ಒಣಗಿದೆ, ಅದೇ ಜಾಗ ಕಂದುಗಪ್ಪಾಗಿದೆ. ಮೊದಲಿದ್ದ ಕಪ್ಪಿಗಿಂತ ಜಾಸ್ತಿ.

ಕನ್ನಡಿ ನೋಡಿದರೆ ಅಳು ಬರುತ್ತದೆ. ಗಿಡಮೂಲಿಕೆ ಅಲ್ವಾ, ಏನೂ ಆಗಲ್ಲ ಅಂದುಕೊಂಡಿದ್ದೆ. ನಾನು ಮಾಡಿದ್ದು ಎಲ್ಲಿ ತಪ್ಪಾಯಿತು? ಆ ಲೇಖನವೇ ಸುಳ್ಳಾ? ಕಪ್ಪು ಹೋಗುತ್ತದಾ?

ಸುಳ್ಯದ ಸುಮಾ (ಸೋಮವಾರ ಬೆಳಿಗ್ಗೆ)

ಅಕ್ಕಾ, ಓದಿ ತುಂಬ ಬೇಜಾರಾಯಿತು. ಮೊದಲು ಚರ್ಮದ ಡಾಕ್ಟರಿಗೆ ತೋರಿಸಿ. ಅದಕ್ಕಿಂತ ಮುಂಚೆ ನಿಂಬೆರಸ, ಅರಿಶಿನ, ಮೊಸರು ಅಂತ ಏನನ್ನೂ ಆ ಜಾಗಕ್ಕೆ ಹಚ್ಚಬೇಡಿ. ಬಿಸಿಲಿಗೆ ಹೋಗಲೇಬೇಕಾದರೆ ತಲೆಗೆ ಹಾಳೆಟೊಪ್ಪಿ, ಮುಖಕ್ಕೆ ಸೆರಗು.

ಕಷಾಯದ ಮೇಷ್ಟ್ರು (ಸೋಮವಾರ ಮಧ್ಯಾಹ್ನ)

ನಾನು ಫಾರ್ಮಸಿ ಕಾಲೇಜಿನಲ್ಲಿ ಔಷಧಿ ಸಸ್ಯಗಳ ಪಾಠ ಮಾಡುತ್ತೇನೆ. ನಿಮ್ಮ ಪ್ರಶ್ನೆಗೆ ಸ್ವಲ್ಪ ಉದ್ದವಾಗಿಯೇ ಉತ್ತರ ಬರೆಯುತ್ತೇನೆ. ಇದೇ ತಪ್ಪನ್ನು ಇನ್ನೂ ಬೇಕಾದಷ್ಟು ಜನ ಮಾಡುವ ಸಾಧ್ಯತೆ ಇದೆ.

ಲೇಖನ ಸುಳ್ಳಲ್ಲ. ನೀವು ಹಚ್ಚಿದ್ದು ಮಾತ್ರ ಬಾಕುಚಿಯೋಲ್ ಅಲ್ಲ.

ಬಾವಂಚಿ ಬೀಜದಲ್ಲಿ ಹತ್ತಾರು ಬಗೆಯ ರಾಸಾಯನಿಕಗಳಿವೆ. ನಮಗೆ ಇಲ್ಲಿ ಮುಖ್ಯವಾದದ್ದು ಎರಡು. ಒಂದು ಬಾಕುಚಿಯೋಲ್. ಅದನ್ನು ಮೊದಲು ಬೇರ್ಪಡಿಸಿದ್ದು ನಮ್ಮ ದೇಶದಲ್ಲೇ. 1966ರಲ್ಲಿ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಮೆಹ್ತಾ, ನಾಯಕ್, ಸುಖ್ ದೇವ್ ಈ ಕೆಲಸ ಮಾಡಿದರು. ಇನ್ನೊಂದು ಸೋರಾಲೆನ್. ಇದು ಚರ್ಮದೊಳಗೆ ಇಳಿದು ಸುಮ್ಮನೆ ಕೂತಿರುತ್ತದೆ. ಬಿಸಿಲಿನ ನೇರಳಾತೀತ ಎ ಕಿರಣ ಬಿದ್ದ ತಕ್ಷಣ ಅದಕ್ಕೆ ಜೀವ ಬಂದ ಹಾಗೆ ಆಗುತ್ತದೆ. ಜೀವಕೋಶದ ಡಿಎನ್‌ಎಗೆ ಅಂಟಿಕೊಂಡು ಅದನ್ನು ಹಾಳು ಮಾಡುತ್ತದೆ. ಅದಕ್ಕೇ ನಾಲ್ಕು ರಾತ್ರಿ ಏನೂ ಆಗಲಿಲ್ಲ, ಐದನೇ ದಿನ ಬಿಸಿಲು ಬಿದ್ದಾಗ ಆಯಿತು. ಮಾಮೂಲಿ ಬಿಸಿಲ ಸುಡುವಿಕೆ ಅದೇ ದಿನ ಗೊತ್ತಾಗುತ್ತದೆ. ಸೋರಾಲೆನ್ ಸುಡುವಿಕೆ ಎರಡು ಮೂರು ದಿನಕ್ಕೆ ಜೋರಾಗುತ್ತದೆ. ನೀವು ಬರೆದಿರುವುದೂ ಹಾಗೇ ಇದೆ.

ತೊನ್ನಿಗೆ ಬಾವಂಚಿ ಕೊಡುವುದೂ ಈ ಗುಣ ನೋಡಿಯೇ. ಬಿಳಿ ಕಲೆಗೆ ಹಚ್ಚಿ, ಅಳತೆ ಹಾಕಿ ಬಿಸಿಲು ತೋರಿಸಿ, ಬಣ್ಣ ಬರಿಸುವ ಪ್ರಯತ್ನ ಅದು. ಈಜಿಪ್ಟ್‌ನಲ್ಲಿ ಇನ್ನೊಂದು ಗಿಡವನ್ನು ಇದೇ ಕೆಲಸಕ್ಕೆ ಬಳಸುತ್ತಿದ್ದರು. 1940ರ ದಶಕದಲ್ಲಿ ಅಲ್ಲಿನ ಎಲ್ ಮೊಫ್ಟಿ ಅನ್ನುವ ವೈದ್ಯರು ಆ ಗಿಡದ ಸೋರಾಲೆನ್ ಇಟ್ಟುಕೊಂಡು ತೊನ್ನಿನ ಚಿಕಿತ್ಸೆ ಮಾಡಿ ತೋರಿಸಿದರು. ಅಂದರೆ ಸೋರಾಲೆನ್ ಕೆಟ್ಟದ್ದು ಅಂತಲ್ಲ. ಅದು ಬಣ್ಣ ಬರಿಸುವ ಔಷಧಿ. ನಿಮಗೆ ಬೇಕಿದ್ದದ್ದು ಬಣ್ಣ ಕಡಿಮೆ ಮಾಡುವುದು. ಅಲ್ಲಿಗೆ ಉಲ್ಟಾ ಆಯಿತು. ವರ್ಷಗಟ್ಟಲೆ ಸೋರಾಲೆನ್ ಮತ್ತು ನೇರಳಾತೀತ ಕಿರಣದ ಚಿಕಿತ್ಸೆ ತೆಗೆದುಕೊಂಡವರಲ್ಲಿ ಕಂದು ಮಚ್ಚೆ, ಸುಕ್ಕು ಬೇಗ ಬರುತ್ತದೆ, ಚರ್ಮದ ಕ್ಯಾನ್ಸರ್ ಅಪಾಯವೂ ಹೆಚ್ಚುತ್ತದೆ. ಸುಕ್ಕು ಹೋಗಲಿ ಅಂತ ಈ ಎಣ್ಣೆ ಹಚ್ಚಿ ಬಿಸಿಲಿಗೆ ಹೋದರೆ ಸುಕ್ಕನ್ನು ಕರೆದ ಹಾಗೆ ಆಗುತ್ತದೆ.

ಅಂಗಳದ ಮಲ್ಲಿಗೆ (ಸೋಮವಾರ ಸಂಜೆ)

ಮೇಷ್ಟ್ರೇ, ತುಂಬ ಧನ್ಯವಾದ. ಕೊನೆಗೂ ಕಾರಣ ಗೊತ್ತಾಯಿತು. ನಾಳೆ ಶಿವಮೊಗ್ಗಕ್ಕೆ ಹೋಗಿ ಡಾಕ್ಟರಿಗೆ ತೋರಿಸುತ್ತೇನೆ.

ಇನ್ನೊಂದು ಕೇಳಲಾ? ಹತ್ತು ದಿನ ನೆನೆಸಿದ್ದರಿಂದ ಹೀಗಾಯಿತಾ? ಕಡಿಮೆ ದಿನ ನೆನೆಸಿದ್ದರೆ ಬರೀ ಒಳ್ಳೆಯದು ಮಾತ್ರ ಎಣ್ಣೆಗೆ ಇಳಿಯುತ್ತಿತ್ತಾ?

ಕಷಾಯದ ಮೇಷ್ಟ್ರು (ಸೋಮವಾರ ರಾತ್ರಿ)

ಇಲ್ಲ. ಬಾಕುಚಿಯೋಲ್, ಸೋರಾಲೆನ್ ಎರಡೂ ಎಣ್ಣೆಗೆ ಇಳಿಯುತ್ತವೆ. ನೆನೆಸುವ ದಿನ ಹೆಚ್ಚು ಕಡಿಮೆ ಮಾಡಿ ಅವನ್ನು ಬೇರೆ ಮಾಡಲು ಆಗುವುದಿಲ್ಲ. ಕಾಯಿಸಿ ಸೋಸಿದರೂ ಹೋಗುವುದಿಲ್ಲ.

ಸಾರ ತೆಗೆಯುವುದು ಅಂದರೆ ಏನು ಅಂತ ಸ್ವಲ್ಪ ಹೇಳುತ್ತೇನೆ. ಒಂದೇ ಗಿಡವನ್ನು ನೀರಲ್ಲಿ ಕುದಿಸಿದರೆ ಒಂದು ಗುಂಪು ಬರುತ್ತದೆ, ಸ್ಪಿರಿಟ್‌ನಲ್ಲಿ ನೆನೆಸಿದರೆ ಇನ್ನೊಂದು, ಎಣ್ಣೆಯಲ್ಲಿ ಮತ್ತೊಂದು. ಮನೆಯಲ್ಲೇ ನೋಡಿ. ಕಾಫಿಗೆ ಬಿಸಿನೀರು ಸಾಕು. ದಾಸವಾಳದ ಎಲೆಯ ಲೋಳೆ ನೀರಿಗೆ ಬರುತ್ತದೆ, ಎಣ್ಣೆಗೆ ಬರುವುದಿಲ್ಲ. ಅರಿಶಿನದ ಹಳದಿ ನೀರಿಗೆ ಸರಿಯಾಗಿ ಇಳಿಯುವುದೇ ಇಲ್ಲ, ತಳದಲ್ಲಿ ಕೂರುತ್ತದೆ. ಒಗ್ಗರಣೆಯ ಎಣ್ಣೆಗೆ ಹಾಕಿದ ತಕ್ಷಣ ಬಣ್ಣ ಬಿಡುತ್ತದೆ. ಹೀಗೆ ಗಿಡದ ಹೆಸರು ಒಂದೇ ಇದ್ದರೂ ಬಾಟಲಿಯೊಳಗೆ ಬಂದಿರುವುದು ಏನು ಅನ್ನುವುದು ತೆಗೆದ ವಿಧಾನದ ಮೇಲೆ ನಿಂತಿದೆ.

ಕಂಪನಿಗಳು ಬಾವಂಚಿ ಬೀಜದಿಂದ ಬಾಕುಚಿಯೋಲ್ ತೆಗೆಯುವಾಗ ಸೋರಾಲೆನ್ ಇರುವ ಭಾಗವನ್ನು ಬೇರೆ ಮಾಡಿ ಶುದ್ಧ ಮಾಡುತ್ತವೆ. ಅದು ಅಡುಗೆಮನೆಯಲ್ಲಿ ಆಗುವ ಕೆಲಸ ಅಲ್ಲ. ಅಂಗಡಿಯಲ್ಲಿ ‘ಬಾವಂಚಿ ಎಣ್ಣೆ’, ‘ಬಾಕುಚಿ ತೈಲ’ ಅಂತ ಸಿಗುವುದೂ ಬಾಕುಚಿಯೋಲ್ ಅಲ್ಲ. ಹೆಸರು ಹತ್ತಿರ ಇದೆ ಅಷ್ಟೇ.

ಶುದ್ಧ ಬಾಕುಚಿಯೋಲ್ ಕೆಲಸ ಮಾಡುತ್ತದಾ ಅಂದರೆ, ಒಂದು ಒಳ್ಳೆಯ ಪರೀಕ್ಷೆ ಇದೆ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನವರು ಮಾಡಿದ್ದು, 2019ರಲ್ಲಿ ಪ್ರಕಟ ಆಯಿತು. 44 ಜನ, 12 ವಾರ. ಒಂದು ಗುಂಪಿಗೆ ಶೇ. 0.5ರ ಬಾಕುಚಿಯೋಲ್ ದಿನಕ್ಕೆ ಎರಡು ಸಲ, ಇನ್ನೊಂದು ಗುಂಪಿಗೆ ಶೇ. 0.5ರ ರೆಟಿನಾಲ್ (ಸುಕ್ಕಿಗೆ ಹಚ್ಚುವ, ವಿಟಮಿನ್ ಎ ಬಗೆಯ ಅಂಶ) ದಿನಕ್ಕೆ ಒಂದು ಸಲ. ಎರಡರಲ್ಲೂ ಸುಕ್ಕು, ಕಪ್ಪು ಕಡಿಮೆಯಾದವು. ಇದು ಮೇಲು ಅದು ಕೆಳಗೆ ಅನ್ನುವಷ್ಟು ವ್ಯತ್ಯಾಸ ಕಾಣಲಿಲ್ಲ. ರೆಟಿನಾಲ್ ಹಚ್ಚಿದವರಿಗೆ ಸಿಪ್ಪೆ ಏಳುವುದು, ಚುರುಚುರು ಅನ್ನುವುದು ಜಾಸ್ತಿ ಇತ್ತು. ಚೆನ್ನಾದ ಫಲಿತಾಂಶವೇ. ಆದರೆ 44 ಜನ ಅಂದರೆ ಸಣ್ಣ ಗುಂಪು. ರೆಟಿನಾಲ್ ಕುಟುಂಬದ ಹಿಂದೆ ದಶಕಗಳ ಅನುಭವ ಇದೆ, ಇದರ ಹಿಂದೆ ಇನ್ನೂ ಅಷ್ಟಿಲ್ಲ. ಅಪರೂಪಕ್ಕೆ ಕೆಲವರಿಗೆ ಬಾಕುಚಿಯೋಲ್ ಅಲರ್ಜಿ ಆದದ್ದೂ ವರದಿಯಾಗಿದೆ.

ತುಂಗಾತೀರದ ವೈದ್ಯೆ (ಮಂಗಳವಾರ ಬೆಳಿಗ್ಗೆ)

ನಾನು ಆಯುರ್ವೇದ ವೈದ್ಯೆ. ಮೇಷ್ಟ್ರು ಹೇಳಿದ್ದನ್ನು ಒಪ್ಪುತ್ತೇನೆ. ಶಾಸ್ತ್ರದ ಕಡೆಯಿಂದ ಒಂದು ಮಾತು ಸೇರಿಸಬೇಕು. ಇಂಥದ್ದು ಆದಾಗಲೆಲ್ಲ ‘ಆಯುರ್ವೇದ ಹಚ್ಚಿ ಮುಖ ಸುಟ್ಟಿತು’ ಅನ್ನುತ್ತಾರೆ. ಅದು ನನಗೆ ನೋವಾಗುತ್ತದೆ.

ಚರಕಸಂಹಿತೆಯಲ್ಲಿ ಔಷಧಿಗಳನ್ನು ಕೆಲಸಕ್ಕೆ ತಕ್ಕ ಹಾಗೆ ಹತ್ತತ್ತರ 50 ಗುಂಪು ಮಾಡಿದ್ದಾರೆ. ಮೈಬಣ್ಣಕ್ಕೆ ಒಳ್ಳೆಯದು ಅನ್ನುವ ಗುಂಪಿಗೆ ವರ್ಣ್ಯ ಅಂತ ಹೆಸರು. ಅದರಲ್ಲಿ ಶ್ರೀಗಂಧ, ಲಾವಂಚ, ಜ್ಯೇಷ್ಠಮಧು, ಮಂಜಿಷ್ಠ, ಸೊಗದೆ ಬೇರು ಇವೆಲ್ಲ ಇವೆ. ವಯಸ್ಸನ್ನು ಹಿಡಿದು ನಿಲ್ಲಿಸುವ ಗುಂಪು ಇನ್ನೊಂದು, ವಯಃಸ್ಥಾಪನ. ಅದರಲ್ಲಿ ಅಮೃತಬಳ್ಳಿ, ಅಳಲೆ, ನೆಲ್ಲಿ, ಪುನರ್ನವ, ಮಂಡೂಕಪರ್ಣಿ. ಈ ಮಂಡೂಕಪರ್ಣಿಯೇ ನಮ್ಮ ಒಂದೆಲಗ. ಎರಡೂ ಗುಂಪಿನಲ್ಲಿ ಬಾವಂಚಿ ಇಲ್ಲ. ನಮ್ಮಲ್ಲಿ ಅದು ತೊನ್ನಿನ ಔಷಧಿ, ಚರ್ಮರೋಗದ ಔಷಧಿ. ಬಳಸುವ ಮೊದಲು ಶುದ್ಧಿ ಮಾಡುತ್ತೇವೆ, ರೋಗಿಯನ್ನು ನೋಡಿ ಕೊಡುತ್ತೇವೆ, ಎಷ್ಟು ಹೊತ್ತು ಬಿಸಿಲು ಅಂತಲೂ ಹೇಳುತ್ತೇವೆ. ಸುಕ್ಕಿಗೆ ಮುಖಕ್ಕೆ ಹಚ್ಚಿ ಅಂತ ನಾನು ಯಾರಿಗೂ ಕೊಟ್ಟಿಲ್ಲ.

ಗ್ರಂಥಿಗೆ ಅಂಗಡಿಯವರು ಸಾಮಾನು ಮಾರುತ್ತಾರೆ. ಅವರಲ್ಲಿ ತಿಳಿದವರೂ ಇದ್ದಾರೆ. ಆದರೂ ಯಾವುದಕ್ಕೆ ಬಳಸುತ್ತೀರಿ ಅಂತ ಅವರು ಕೇಳದಿದ್ದರೆ ನೀವಾಗಿಯೇ ಹೇಳಿ. ‘ಮುಖಕ್ಕೆ ಹಚ್ಚಲು’ ಅಂದಿದ್ದರೆ ಬಹುಶಃ ಯಾರಾದರೂ ತಡೆಯುತ್ತಿದ್ದರು ತಂಗಿ.

ಸುಳ್ಯದ ಸುಮಾ (ಮಂಗಳವಾರ ಬೆಳಿಗ್ಗೆ)

ಒಂದೆಲಗ ಅಂದ ಕೂಡಲೇ ಖುಷಿ ಆಯಿತು ನೋಡಿ ಮೇಡಂ. ನಮ್ಮ ಕಡೆ ಅದಕ್ಕೆ ತಿಮರೆ ಅನ್ನುತ್ತೇವೆ. ಬಾವಿಕಟ್ಟೆ ಪಕ್ಕ, ತೋಟದ ತೋಡಿನ ಬದಿ, ಎಲ್ಲೆಂದರಲ್ಲಿ. ವಾರಕ್ಕೆ ಎರಡು ಸಲ ಚಟ್ನಿ, ಬೇಸಿಗೆಯಲ್ಲಿ ತಂಬುಳಿ. ಈಗ ಕೊರಿಯಾದ ಕ್ರೀಮುಗಳಲ್ಲಿ ‘ಸಿಕಾ’ ಅಂತ ಹಸಿರು ಡಬ್ಬಿ ಬರುತ್ತದಲ್ಲ, ಅದೂ ಇದೇ ಗಿಡ. ನನ್ನ ಮಗಳು ದುಡ್ಡು ಕೊಟ್ಟು ತರಿಸುತ್ತಾಳೆ. ಹಿತ್ತಲಿನದನ್ನೇ ಅರೆದು ಹಚ್ಚಿಕೋ ಅಂದರೆ ಕೇಳುವುದಿಲ್ಲ. ನಾನು ಹೇಳುವುದು ಸರಿಯಾ, ಅವಳು ಮಾಡುವುದು ಸರಿಯಾ?

ಕಷಾಯದ ಮೇಷ್ಟ್ರು (ಮಂಗಳವಾರ ಮಧ್ಯಾಹ್ನ)

ಸುಮಾ ಅವರೇ, ಮೊದಲು ಒಂದು ಗೊಂದಲ ಬಿಡಿಸುತ್ತೇನೆ. ಬ್ರಾಹ್ಮಿ ಅನ್ನುವ ಹೆಸರಲ್ಲಿ ಎರಡು ಗಿಡ ಓಡಾಡುತ್ತವೆ. ದುಂಡಗೆ ಒಂದೊಂದೇ ಎಲೆ ಇರುವುದು ಒಂದೆಲಗ. ನೀರ ಜಾಗದಲ್ಲಿ ಹಬ್ಬುವ, ಪುಟ್ಟ ದಪ್ಪ ಎಲೆಯ, ಬಿಳಿ ಹೂವಿನದು ನೀರುಬ್ರಾಹ್ಮಿ. ಚರ್ಮದ ವಿಷಯದಲ್ಲಿ ಜಾಸ್ತಿ ಕೆಲಸ ಆಗಿರುವುದು ಒಂದೆಲಗದ ಮೇಲೆ. ಕೊಳ್ಳುವಾಗ ನೋಡಿಕೊಳ್ಳಿ.

ಒಂದೆಲಗದಲ್ಲಿ ಏಷಿಯಾಟಿಕೋಸೈಡ್, ಮೆಡಕಾಸೋಸೈಡ್ ಅನ್ನುವ ಅಂಶಗಳಿವೆ. ಎರಡನೆಯದರ ಹೆಸರಲ್ಲಿ ಮಡಗಾಸ್ಕರ್ ದ್ವೀಪ ಇದೆ. ಗಾಯ ಮಾಯಲು ಈ ಗಿಡದ ಮುಲಾಮು ಬಹಳ ಕಾಲದಿಂದ ಬಳಕೆಯಲ್ಲಿದೆ. ಚರ್ಮದೊಳಗೆ ಕೊಲಾಜೆನ್ ಅನ್ನುವ ನಾರು ಇರುತ್ತದೆ. ಮಂಚದ ನವಾರಿನ ಹಾಗೆ ಅದು ಚರ್ಮವನ್ನು ಬಿಗಿಯಾಗಿ ಹಿಡಿದಿರುತ್ತದೆ. ವಯಸ್ಸಾದ ಹಾಗೆ, ಬಿಸಿಲು ಬಿದ್ದ ಹಾಗೆ ಅದು ಸಡಿಲ ಆಗುತ್ತದೆ. ಪ್ರಯೋಗಾಲಯದಲ್ಲಿ ಬೆಳೆಸಿದ ಚರ್ಮದ ಕೋಶಗಳಿಗೆ ಒಂದೆಲಗದ ಈ ಅಂಶಗಳನ್ನು ಕೊಟ್ಟರೆ ಅವು ಕೊಲಾಜೆನ್ ಹೆಚ್ಚು ತಯಾರಿಸುತ್ತವೆ. ಇದು ಗಟ್ಟಿಯಾಗಿ ಗೊತ್ತಿರುವ ವಿಷಯ.

ತೊಡಕು ಇರುವುದು ಒಳಗೆ ಹೋಗುವುದರಲ್ಲಿ. ಚರ್ಮದ ಹೊರಪದರ ಎಲ್ಲವನ್ನೂ ಒಳಗೆ ಬಿಡುವುದಿಲ್ಲ. ಅಣುವಿನ ತೂಕ 500 ಡಾಲ್ಟನ್ ಒಳಗಿದ್ದರೆ ಸುಲಭ ಅಂತ ಒಂದು ಅಂದಾಜು ಲೆಕ್ಕ ಇದೆ. ಬಾಕುಚಿಯೋಲ್ ಸುಮಾರು 256, ಸಲೀಸಾಗಿ ಹೋಗುತ್ತದೆ. ಸೋರಾಲೆನ್ 186, ಅದು ಇನ್ನೂ ಸಲೀಸು, ಮಲ್ಲಿಗೆ ಅಕ್ಕನಿಗೆ ಆದದ್ದು ಅದೇ. ಏಷಿಯಾಟಿಕೋಸೈಡ್ ಸುಮಾರು 959. ದೊಡ್ಡದಾಯಿತು. ಹಸಿ ಎಲೆ ಅರೆದು 20 ನಿಮಿಷ ಇಟ್ಟು ತೊಳೆದರೆ ಎಷ್ಟು ಒಳಗೆ ಹೋದೀತು? ತಂಪು ಅನಿಸುತ್ತದೆ, ಅಷ್ಟು ನಿಜ. ಕ್ರೀಮು ಮಾಡುವವರು ಅದನ್ನು ಒಳಗೆ ಇಳಿಸಲು ಬೇರೆ ಬೇರೆ ದಾರಿ ಹುಡುಕುತ್ತಾರೆ, ದಿನಗಟ್ಟಲೆ ಹಚ್ಚಲು ಹೇಳುತ್ತಾರೆ. 2008ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಬಿಸಿಲಿಗೆ ಮಾಗಿದ ಚರ್ಮದ 20 ಮಹಿಳೆಯರಿಗೆ ಶೇ. 5ರ ವಿಟಮಿನ್ ಸಿ ಜೊತೆ ಶೇ. 0.1ರ ಮೆಡಕಾಸೋಸೈಡ್ ಸೇರಿಸಿ ಆರು ತಿಂಗಳು ಹಚ್ಚಿಸಿದರು. ಸುಕ್ಕು, ಬಿಗಿತ ಎರಡರಲ್ಲೂ ಸುಧಾರಣೆ ಕಂಡಿತು. ಎರಡನ್ನೂ ಒಟ್ಟಿಗೆ ಹಚ್ಚಿದ್ದರಿಂದ ಯಾವುದರ ಪಾಲು ಎಷ್ಟು ಅಂತ ಹೇಳಲು ಬರುವುದಿಲ್ಲ.

ನಿಮ್ಮ ಮನೆಯ ಜಗಳಕ್ಕೆ ನನ್ನ ತೀರ್ಪು ಕೇಳಿದರೆ, ತಂಬುಳಿಗೆ ಹಿತ್ತಲ ತಿಮರೆ, ಮುಖಕ್ಕೆ ಮಗಳ ಡಬ್ಬಿ. ತೋಡಿನ ಬದಿಯ ಎಲೆಯಲ್ಲಿ ಮಣ್ಣು, ಸೂಕ್ಷ್ಮಜೀವಿ ಇರುತ್ತವೆ. ಕೆರೆದ ಗಾಯಕ್ಕೋ ಮೊಡವೆಗೋ ಹಸಿಯಾಗಿ ಮೆತ್ತುವುದು ಬೇಡ.

ರಾಣೆಬೆನ್ನೂರು ಹುಡುಗ (ಮಂಗಳವಾರ ರಾತ್ರಿ)

ನನ್ನದೂ ಒಂದು ಅನುಭವ ಹೇಳುತ್ತೇನೆ. ನಮ್ಮ ತಂದೆಗೆ ಕಾಂಗ್ರೆಸ್ ಗಿಡದ ಅಲರ್ಜಿ. ಹೊಲದ ಬದುವಿನಲ್ಲಿ ಅದು ಹೂ ಬಿಟ್ಟರೆ ಸಾಕು, ಮುಖ, ಕುತ್ತಿಗೆ, ಮೊಣಕೈ ಒಳಗೆ ಎಲ್ಲ ದಡ್ಡುಗಟ್ಟಿ ಬಿರಿಯುತ್ತದೆ. ಹೋದ ವರ್ಷ ನಾನು ಬೆಂಗಳೂರಿನಿಂದ ಒಂದು ಕ್ರೀಮು ತಂದುಕೊಟ್ಟೆ. ‘ಸೂಕ್ಷ್ಮ ಚರ್ಮಕ್ಕೆ’, ‘ಕ್ಯಾಮೊಮೈಲ್ ಹೂವಿನ ಸಾರ’ ಅಂತ ಬರೆದಿತ್ತು. ಒಣಗಿ ಸುಕ್ಕಾದ ಚರ್ಮಕ್ಕೆ ಹಿತ ಆಗಲಿ ಅಂತ ನನ್ನ ಆಸೆ. ಎರಡೇ ದಿನಕ್ಕೆ ಕಣ್ಣು ಮುಚ್ಚುವಷ್ಟು ಊದಿತು. ಆಮೇಲೆ ಡಾಕ್ಟರು ಹೇಳಿದರು, ಕಾಂಗ್ರೆಸ್ ಗಿಡ, ಸೇವಂತಿಗೆ, ಕ್ಯಾಮೊಮೈಲ್ ಎಲ್ಲ ಒಂದೇ ಕುಟುಂಬ ಅಂತೆ. ಒಂದು ಆಗದವರಿಗೆ ಇನ್ನೊಂದೂ ಆಗದಿರಬಹುದು ಅಂತೆ. ಅಪ್ಪನ ಮುಖ ನೋಡಿ ನನಗೆ ಆದ ಸಂಕಟ ಹೇಳಲು ಆಗುವುದಿಲ್ಲ. ಮನೆಯಲ್ಲಿ ಯಾರಿಗಾದರೂ ಕಾಂಗ್ರೆಸ್ ಅಲರ್ಜಿ ಇದ್ದರೆ ಡಬ್ಬಿ ಹಿಂದಿನ ಪಟ್ಟಿ ಓದದೆ ಏನೂ ಹಚ್ಚಬೇಡಿ.

ತುಂಗಾತೀರದ ವೈದ್ಯೆ (ಬುಧವಾರ ಬೆಳಿಗ್ಗೆ)

ಇದನ್ನು ಬರೆದದ್ದು ತುಂಬ ಒಳ್ಳೆಯದಾಯಿತು ತಮ್ಮ. ಹಾವೇರಿ, ದಾವಣಗೆರೆ, ಚಿತ್ರದುರ್ಗದ ಕಡೆಯವರಿಗೆ ಇದು ದಿನದ ಮಾತು. ಗಿಡ ಅಂದ ಮಾತ್ರಕ್ಕೆ ಮೃದು ಅಂತ ಅಲ್ಲ. ಮಲೆನಾಡಿನಲ್ಲಿ ಚೇರಿನ ಮರದ ಸೊನೆ ತಾಗಿದವರನ್ನು ಕೇಳಿ. ಗೇರುಬೀಜದ ಸಿಪ್ಪೆಯ ಎಣ್ಣೆ ಕೈಗೆ ತಾಗಿದವರನ್ನು ಕೇಳಿ.

ಬ್ರಿಸ್ಬೇನ್ ಕನ್ನಡಿಗ (ಬುಧವಾರ ಮಧ್ಯಾಹ್ನ)

ನಾನು 15 ವರ್ಷದಿಂದ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿದ್ದೇನೆ. ಗಿಡದ ಚರ್ಚೆಯ ಮಧ್ಯೆ ಬಿಸಿಲಿನ ಮಾತು ತರುತ್ತಿದ್ದೇನೆ, ಬೇಸರ ಮಾಡಬೇಡಿ. ನಮ್ಮಲ್ಲಿಂದ ಉತ್ತರಕ್ಕೆ ನಂಬೂರ್ ಅಂತ ಒಂದು ಊರಿದೆ. ಹೆಸರು ಕೇಳಿದರೆ ನಮ್ಮ ಊರಿನ ಹಾಗೇ ಇದೆ. 1992ರಿಂದ 1996ರವರೆಗೆ ಅಲ್ಲಿನ ಜನರ ಮೇಲೆ ದೊಡ್ಡ ಪರೀಕ್ಷೆ ಮಾಡಿದರು. ಕೆಲವರಿಗೆ ದಿನಾ ಸನ್‌ಸ್ಕ್ರೀನ್ ಹಚ್ಚಿ ಅಂದರು, ಉಳಿದವರಿಗೆ ನಿಮ್ಮಿಷ್ಟ ಬಂದಾಗ ಹಚ್ಚಿ ಅಂದರು. 55 ವರ್ಷದ ಒಳಗಿನ 903 ಜನರ ಕೈಚರ್ಮದ ಅಚ್ಚು ತೆಗೆದು ನೋಡಿದರು. ನಾಲ್ಕೂವರೆ ವರ್ಷ ಆದಮೇಲೆ ದಿನಾ ಹಚ್ಚಿದವರಲ್ಲಿ ಚರ್ಮ ಮುಪ್ಪಾಗಿದ್ದು ಶೇ. 24 ಕಡಿಮೆ. ಇದರ ವರದಿ 2013ರಲ್ಲಿ ಬಂತು. ಯಾವ ಗಿಡದ ಸಾರಕ್ಕೂ ಇಷ್ಟು ಜನರ ಮೇಲೆ, ಇಷ್ಟು ವರ್ಷ ನಡೆದ ಪರೀಕ್ಷೆ ನಾನು ನೋಡಿಲ್ಲ.

ಗದ್ದೆ ಬದುವಿನವ (ಬುಧವಾರ ಸಂಜೆ)

ಬ್ರಿಸ್ಬೇನ್ ಅಣ್ಣ, ಬಿಳಿ ಚರ್ಮದವರ ಲೆಕ್ಕ ನಮಗೆ ಯಾಕೆ? ನಮ್ಮ ಅಜ್ಜಿ 80 ವರ್ಷ ಗದ್ದೆಯಲ್ಲಿ ದುಡಿದರು. ಒಂದು ದಿನ ಕ್ರೀಮು ಹಚ್ಚಲಿಲ್ಲ. ಮುಖದಲ್ಲಿ ಎಂಥ ಕಳೆ ಇತ್ತು ಗೊತ್ತಾ?

ಬ್ರಿಸ್ಬೇನ್ ಕನ್ನಡಿಗ (ಬುಧವಾರ ರಾತ್ರಿ)

ಅಣ್ಣ, ಅಜ್ಜಿಯ ಕಳೆಯ ಬಗ್ಗೆ ನನಗೆ ಎರಡು ಮಾತಿಲ್ಲ. ನನ್ನ ಅಜ್ಜಿಯೂ ಹಾಗೇ. ಆದರೆ ಒಂದು ನೆನಪು ಮಾಡಿಕೊಳ್ಳಿ. ಅಜ್ಜಿಯ ಮುಂಗೈ ಹೊರಮೈ ಹೇಗಿತ್ತು, ರವಿಕೆಯ ತೋಳು ಮುಚ್ಚಿದ ಮೇಲ್ತೋಳಿನ ಒಳಭಾಗ ಹೇಗಿತ್ತು? ಎರಡಕ್ಕೂ ವಯಸ್ಸು ಒಂದೇ. ಒಂದು ಕಪ್ಪಾಗಿ ಮಡಿಕೆ ಮಡಿಕೆ, ಇನ್ನೊಂದು ಮೆತ್ತಗೆ ಬೆಣ್ಣೆಯ ಹಾಗೆ. ನಾನು ಚಿಕ್ಕವನಿದ್ದಾಗ ಅಜ್ಜಿಯ ತೋಳಿನ ಒಳಗೆ ಕೆನ್ನೆ ಇಟ್ಟು ಮಲಗುತ್ತಿದ್ದೆ. ಆ ಮೆದು ಈಗಲೂ ನೆನಪಿದೆ. ಆ ವ್ಯತ್ಯಾಸ ಮಾಡಿದ್ದು ಬಿಸಿಲು.

ನಮ್ಮ ಬಣ್ಣದ ಚರ್ಮಕ್ಕೆ ಸ್ವಂತ ರಕ್ಷಣೆ ಜಾಸ್ತಿ, ಅದು ನಿಜ. ಅದಕ್ಕೇ ನಮಗೆ ಸುಕ್ಕು ತಡವಾಗಿ ಬರುತ್ತದೆ. ಬಂಗು, ಕಪ್ಪು ಕಲೆ ಮಾತ್ರ ಬೇಗ ಬರುತ್ತದೆ.

ಗದ್ದೆ ಬದುವಿನವ (ಗುರುವಾರ ಬೆಳಿಗ್ಗೆ)

ಮೇಲ್ತೋಳಿನ ಮಾತು ಸರಿ ಇದೆ. ಅವರಿಗೆ ಕಂಬಳಿಕೊಪ್ಪೆ, ತಲೆ ಮೇಲೆ ಸೆರಗು ಯಾವಾಗಲೂ ಇರುತ್ತಿತ್ತು. ಅದನ್ನು ನಾನು ಯೋಚನೆ ಮಾಡಿರಲಿಲ್ಲ.

ಹೊಸ ಮನೆ ಹುಡುಗಿ (ಗುರುವಾರ ಮಧ್ಯಾಹ್ನ)

ಕೆಲವು ಪ್ರಶ್ನೆ ಒಟ್ಟಿಗೆ ಕೇಳುತ್ತೇನೆ. ಲೋಳೆಸರ ದಿನಾ ಹಚ್ಚಬಹುದಾ? ಕಸ್ತೂರಿ ಅರಿಶಿನ? ಕುಂಕುಮಾದಿ ತೈಲ? ಮತ್ತೆ, ನಮ್ಮ ಬೀದಿಯಲ್ಲಿ ಒಬ್ಬರು ‘ಪೂರ್ತಿ ಗಿಡಮೂಲಿಕೆ’ ಅಂತ ಹೆಸರಿಲ್ಲದ ಡಬ್ಬಿಯಲ್ಲಿ ಒಂದು ಕ್ರೀಮು ಮಾರುತ್ತಾರೆ. ಒಂದೇ ವಾರದಲ್ಲಿ ಅತ್ತಿಗೆಯ ಬಂಗು ಮಾಯ ಆಯಿತು. ನಾನೂ ತರಿಸಲಾ?

ಕಷಾಯದ ಮೇಷ್ಟ್ರು (ಗುರುವಾರ ಸಂಜೆ)

ಕೊನೆಯದಕ್ಕೆ ಮೊದಲು ಉತ್ತರ. ತರಿಸಬೇಡಿ. ಅತ್ತಿಗೆಯವರೂ ಇವತ್ತೇ ಅದನ್ನು ಹಿಡಿದುಕೊಂಡು ಡಾಕ್ಟರ ಹತ್ತಿರ ಹೋಗಲಿ. ಯಾವ ಗಿಡವೂ ಒಂದು ವಾರದಲ್ಲಿ ಬಂಗು ತೆಗೆಯುವುದಿಲ್ಲ. ಹೆಸರು, ಪಟ್ಟಿ, ಬ್ಯಾಚ್ ಸಂಖ್ಯೆ ಇಲ್ಲದ ಇಂಥ ಡಬ್ಬಿಗಳಲ್ಲಿ ಪಾದರಸವೋ ಜೋರಾದ ಸ್ಟಿರಾಯ್ಡೋ ಸಿಕ್ಕಿರುವ ಉದಾಹರಣೆ ಬಹಳ. ಸ್ಟಿರಾಯ್ಡ್ ಮೊದಲು ಬೆಳ್ಳಗೆ ಮಾಡುತ್ತದೆ. ಆಮೇಲೆ ಚರ್ಮ ತೆಳುವಾಗಿ, ಕೆಂಪು ನರ ಎದ್ದು, ಬಿಟ್ಟರೆ ಉರಿ, ಹಚ್ಚಿದರೆ ಹಾನಿ ಅನ್ನುವ ಸ್ಥಿತಿಗೆ ತರುತ್ತದೆ. ಪಾದರಸ ಮೂತ್ರಪಿಂಡಕ್ಕೇ ಹೋಗುತ್ತದೆ. ಕೇರಳದ ಮಲಪ್ಪುರಂನಲ್ಲಿ 2023ರಲ್ಲಿ ಇಂಥ ಬೆಳ್ಳಗಾಗುವ ಕ್ರೀಮು ಹಚ್ಚಿದವರಿಗೆ ಮೂತ್ರಪಿಂಡದ ಕಾಯಿಲೆ ಬಂದದ್ದನ್ನು ವೈದ್ಯರು ಗುರುತಿಸಿದರು. ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಲೋಳೆಸರ ಹಚ್ಚಬಹುದು. ಪಟ್ಟೆ ಕೊಯ್ದಾಗ ಸಿಪ್ಪೆಯ ಅಡಿಯಿಂದ ಹಳದಿ ರಸ ಸುರಿಯುತ್ತದೆ. ಅದು ತುರಿಕೆ ತರುತ್ತದೆ. ಪಟ್ಟೆಯನ್ನು ಸ್ವಲ್ಪ ಹೊತ್ತು ನೆಟ್ಟಗೆ ನಿಲ್ಲಿಸಿ ಅದು ಇಳಿದ ಮೇಲೆ, ತೊಳೆದು, ಒಳಗಿನ ತಿಳಿ ಲೋಳೆ ಮಾತ್ರ ತೆಗೆದುಕೊಳ್ಳಿ. ಚರ್ಮ ಒದ್ದೆಯಾಗಿ ನುಣುಪಾಗಿ ಕಾಣುತ್ತದೆ. ಸುಕ್ಕಿನ ಬಗ್ಗೆ 2009ರಲ್ಲಿ ಕೊರಿಯಾದಲ್ಲಿ ಒಂದು ಪರೀಕ್ಷೆ ಆಯಿತು. 45 ದಾಟಿದ 30 ಮಹಿಳೆಯರಿಗೆ 90 ದಿನ ಲೋಳೆಸರದ ಪುಡಿ ತಿನ್ನಿಸಿದರು, ಸುಕ್ಕು ಸ್ವಲ್ಪ ತಗ್ಗಿತು. ಆದರೆ ಪುಡಿ ತಿನ್ನದ ಗುಂಪೇ ಇರಲಿಲ್ಲ. ಹಾಗಾಗಿ ಅದನ್ನು ಹಿಡಿದುಕೊಂಡು ನಾನು ಮಾತು ಕೊಡಲಾರೆ.

ಅರಿಶಿನದ ಕುರ್ಕುಮಿನ್ ಉರಿಯೂತ ತಗ್ಗಿಸುತ್ತದೆ, ನಿಜ. ಬೆಳಕಿಗೆ ಬೇಗ ಹಾಳಾಗುತ್ತದೆ ಅನ್ನುವುದೂ ನಿಜ. ಕಸ್ತೂರಿ ಅರಿಶಿನ ಅಂತ ಮಾರುವ ಪುಡಿಯಲ್ಲಿ ಬೇರೆ ಜಾತಿಯ ಗಡ್ಡೆ ಬೆರೆಯುವುದು ಹಳೆಯ ಗೋಳು.

ತುಂಗಾತೀರದ ವೈದ್ಯೆ (ಗುರುವಾರ ರಾತ್ರಿ)

ಕುಂಕುಮಾದಿ ನಾನು ಹೇಳುತ್ತೇನೆ. ಕೇಸರಿ, ಶ್ರೀಗಂಧ, ಮಂಜಿಷ್ಠ, ಜ್ಯೇಷ್ಠಮಧು, ಅರಗು, ಇನ್ನೂ ಹಲವು ಸೇರಿಸಿ, ಎಳ್ಳೆಣ್ಣೆ, ಆಡಿನ ಹಾಲು ಹಾಕಿ ಕಾಯಿಸುವುದು ಪದ್ಧತಿ. ಒಣ ಚರ್ಮದವರಿಗೆ ರಾತ್ರಿ ಎರಡು ಮೂರು ಹನಿ ಹಿತವಾಗಿರುತ್ತದೆ. ಮೊಡವೆ ಇರುವವರಿಗೆ, ಎಣ್ಣೆ ಚರ್ಮದವರಿಗೆ ನಾನು ಕೊಡುವುದಿಲ್ಲ. ಜ್ಯೇಷ್ಠಮಧುವಿನಲ್ಲಿ ಗ್ಲಾಬ್ರಿಡಿನ್ ಅಂತ ಒಂದು ಅಂಶ ಇದೆ, ಕಪ್ಪು ಬಣ್ಣ ತಯಾರಾಗುವುದನ್ನು ಅದು ತಡೆಯುತ್ತದೆ ಅಂತ ಹೊಸ ಸಂಶೋಧನೆಯೂ ಹೇಳುತ್ತದೆ. ಕೇಸರಿಯ ಬೆಲೆ ಗೊತ್ತಲ್ವಾ? ತೀರಾ ಅಗ್ಗಕ್ಕೆ ದೊಡ್ಡ ಬಾಟಲಿ ಕುಂಕುಮಾದಿ ಸಿಕ್ಕರೆ ಅದರಲ್ಲಿ ಕೇಸರಿ ಎಷ್ಟಿರುತ್ತದೆ ನೀವೇ ಯೋಚಿಸಿ.

ನಿಂಬೆರಸ ಯಾರೂ ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ನಿಂಬೆಯಲ್ಲೂ ಸೋರಾಲೆನ್ ಜಾತಿಯ ಅಂಶ ಇದೆ. ಹಚ್ಚಿಕೊಂಡು ಬಿಸಿಲಿಗೆ ಹೋದರೆ ಮಲ್ಲಿಗೆ ತಂಗಿಗೆ ಆದದ್ದೇ ಆಗಬಹುದು.

ಅಂಗಳದ ಮಲ್ಲಿಗೆ (ಏಳು ವಾರದ ನಂತರ)

ಎಲ್ಲರಿಗೂ ಮತ್ತೆ ನಮಸ್ಕಾರ. ಎಷ್ಟೋ ಜನ ಖಾಸಗಿಯಾಗಿ ಬರೆದು ಮುಖ ಹೇಗಿದೆ ಅಂತ ಕೇಳಿದ್ದೀರಿ. ನಿಮ್ಮೆಲ್ಲರ ಋಣ ನನ್ನ ಮೇಲಿದೆ.

ಡಾಕ್ಟರು ನೋಡಿದ ತಕ್ಷಣ ಏನು ಹಚ್ಚಿದಿರಿ ಅಂದರು. ಎಣ್ಣೆ ಬಾಟಲಿ ತೆಗೆದುಕೊಂಡು ಹೋಗಿದ್ದೆ. ಕೆಲವು ದಿನಕ್ಕೆ ಒಂದು ಮುಲಾಮು ಕೊಟ್ಟರು, ಆಮೇಲೆ ಕಪ್ಪಿಗೆ ಅಜಿಲಾಯಿಕ್ ಆಮ್ಲದ ಕ್ರೀಮು. ಕಪ್ಪು ಹೋಗಲು ತಿಂಗಳುಗಟ್ಟಲೆ ಬೇಕು, ಬಿಸಿಲು ಬಿದ್ದರೆ ಮತ್ತೆ ಮೊದಲಿನಿಂದ ಶುರು ಅಂದರು. ಈಗ ಅರ್ಧದಷ್ಟು ತಿಳಿಯಾಗಿದೆ. ಎಡಗೆನ್ನೆಯಲ್ಲಿ ಇನ್ನೂ ಗುರುತಿದೆ. ಮದುವೆಗೆ ಹಾಗೇ ಹೋದೆ. ಅಕ್ಕನ ಮಗಳು ಬಂದು ಅಪ್ಪಿಕೊಂಡಳು. ನನ್ನ ಕೆನ್ನೆಯ ವಿಷಯ ಯಾರೂ ಎತ್ತಲಿಲ್ಲ.

ಈಗ ದಿನಾ ಬೆಳಿಗ್ಗೆ ಎರಡು ಬೆರಳುದ್ದ ಸನ್‌ಸ್ಕ್ರೀನ್ ಮುಖಕ್ಕೆ, ಕುತ್ತಿಗೆಗೆ. ಬಂಗು ಇರುವವರಿಗೆ ಮೈಬಣ್ಣದ ಛಾಯೆ ಇರುವುದು ಒಳ್ಳೆಯದು, ಅದರಲ್ಲಿರುವ ಕಬ್ಬಿಣದ ಆಕ್ಸೈಡ್ ಕಣ್ಣಿಗೆ ಕಾಣುವ ಬೆಳಕನ್ನೂ ತಡೆಯುತ್ತದೆ ಅಂತ ಡಾಕ್ಟರು ಹೇಳಿದ್ದರಿಂದ ಅದನ್ನೇ ತಂದೆ. ಅಡಿಕೆ ಹರವುವ ಕೆಲಸ ಬೆಳಿಗ್ಗೆ ಬೇಗ ಮುಗಿಸುತ್ತೇನೆ. ನಮ್ಮನೆಯವರು ತೋಟದಿಂದ ಅಗಲದ ಹಾಳೆ ತಂದು ಟೊಪ್ಪಿ ಮಾಡಿಕೊಟ್ಟಿದ್ದಾರೆ, ಅಂಚು ಸ್ವಲ್ಪ ಜಾಸ್ತಿ ಬಿಟ್ಟು. ಬಾಗಿದರೂ ಕೆನ್ನೆಗೆ ಬಿಸಿಲು ಬೀಳುವುದಿಲ್ಲ.

ಮೇಷ್ಟ್ರೇ, ಒಂದು ಮಾತು ಕೇಳಬೇಕಿತ್ತು. ಮಗಳು ಶೇ. 0.5ರ ಬಾಕುಚಿಯೋಲ್ ಸೀರಂ ತಂದುಕೊಟ್ಟಿದ್ದಾಳೆ. ಪಟ್ಟಿಯಲ್ಲಿ ಬಾಕುಚಿಯೋಲ್ ಅಂತಲೇ ಇದೆ, ಬೀಜದ ಎಣ್ಣೆ ಅಂತ ಎಲ್ಲೂ ಇಲ್ಲ. ಕಪ್ಪು ಪೂರ್ತಿ ಹೋದಮೇಲೆ ಹಚ್ಚಲು ಅಡ್ಡಿಯಿಲ್ಲ ಅಂತ ಡಾಕ್ಟರೂ ಅಂದರು. ಹೆದರಿಕೆ ಮಾತ್ರ ಹೋಗಿಲ್ಲ. ಹೇಗೆ ಶುರು ಮಾಡಲಿ?

ಕಷಾಯದ ಮೇಷ್ಟ್ರು (ಅದೇ ದಿನ ಸಂಜೆ)

ನಿಮ್ಮ ಮುಖ ತಿಳಿಯಾಗುತ್ತಿರುವುದು ಓದಿ ಮನಸ್ಸು ಹಗುರ ಆಯಿತು.

ಮುಖಕ್ಕೆ ಈಗಲೇ ಬೇಡ. ಮೊಣಕೈ ಮಡಚುವ ಕಡೆ, ತೋಳಿನ ಒಳಭಾಗದಲ್ಲಿ, ಒಂದು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ದಿನಕ್ಕೆ ಎರಡು ಸಲ ಹಚ್ಚಿ, ಏಳು ದಿನ. ಅಲರ್ಜಿ ಮೊದಲ ದಿನವೇ ಕಾಣುವುದಿಲ್ಲ, ಅದಕ್ಕೇ ಏಳು ದಿನ ಕಾಯುವುದು. ತುರಿಕೆ, ಕೆಂಪು, ದಡ್ಡು ಏನು ಬಂದರೂ ನಿಲ್ಲಿಸಿ. ಏನೂ ಬರದಿದ್ದರೆ, ಕಲೆ ಪೂರ್ತಿ ಹೋದಮೇಲೆ, ವಾರಕ್ಕೆ ಎರಡು ಮೂರು ರಾತ್ರಿ ಮುಖಕ್ಕೆ. ಅಜಿಲಾಯಿಕ್ ಕ್ರೀಮು ಹಚ್ಚುವ ದಿನ ಇದನ್ನು ಬಿಡಿ, ಎರಡೂ ಒಟ್ಟಿಗೆ ಶುರು ಮಾಡಿದರೆ ಯಾವುದು ಆಗಲಿಲ್ಲ ಅಂತ ಗೊತ್ತಾಗುವುದಿಲ್ಲ. 12 ವಾರ ಆಗುವವರೆಗೆ ಫಲ ಕಾಣಲಿಲ್ಲ ಅಂತ ಬೇಸರ ಮಾಡಬೇಡಿ. ಟೊಪ್ಪಿ, ಸನ್‌ಸ್ಕ್ರೀನ್ ಬಿಡಬೇಡಿ.

ಮಿಕ್ಕ ಎಣ್ಣೆ ಏನು ಮಾಡಿದಿರಿ?

ಅಂಗಳದ ಮಲ್ಲಿಗೆ (ಮೂರು ದಿನದ ನಂತರ)

ಎಣ್ಣೆಯನ್ನು ಮಣ್ಣಲ್ಲಿ ಗುಂಡಿ ತೆಗೆದು ಸುರಿದು ಮುಚ್ಚಿದೆ. ತಲೆಗೆ ಹಚ್ಚುವ ಎಣ್ಣೆ ಅಂತ ಅತ್ತೆ ತೆಗೆದುಕೊಂಡುಬಿಟ್ಟರೆ ಅನ್ನುವ ಹೆದರಿಕೆ ಇತ್ತು. ಬೀಜ ಒಂದು ಹಿಡಿ ಉಳಿದಿದೆ. ವೈದ್ಯೆ ಅಕ್ಕನಿಗೆ ಬೇಕಾದರೆ ಹೇಳಿ, ಕಳಿಸಿಕೊಡುತ್ತೇನೆ.

ಸೀರಂ ತೋಳಿಗೆ ಹಚ್ಚಿ ಇವತ್ತಿಗೆ ಮೂರನೇ ದಿನ. ತುರಿಕೆ ಇಲ್ಲ, ಕೆಂಪಾಗಿಲ್ಲ. ಏಳು ದಿನ ಆದಮೇಲೆ ಬರೆಯುತ್ತೇನೆ.